ಮಲದ ರಿಪೋರ್ಟಿನಲ್ಲಿ ‘ಇ. ಕೋಲೈ’ ಎಂದಿದ್ದರೆ ಅದೇ ಕಳ್ಳನೇ?

ಪ್ರಶ್ನೆ: ಮೇಡಂ, ಹದಿನೈದು ದಿನದ ಹಿಂದೆ ನಮ್ಮ ನಾದಿನಿ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಮಧ್ಯಾಹ್ನ ಒಂದು ಗಂಟೆಗೆ ಊಟ. ಮಾರನೇ ದಿನ ಸಂಜೆ ಏಳರ ಹೊತ್ತಿಗೆ ನನಗೂ ಎಂಟು ವರ್ಷದ ಮಗನಿಗೂ ಹೊಟ್ಟೆನೋವು, ಭೇದಿ ಶುರುವಾಯಿತು. ನನಗೆ 102 ಡಿಗ್ರಿ ಜ್ವರ, ಮಲದಲ್ಲಿ ಲೋಳೆ, ರಕ್ತದ ಎಳೆ. ಯಜಮಾನರಿಗೆ ಮೂರ್ನಾಲ್ಕು ಸಲ ಆಗಿ ತಾನಾಗಿಯೇ ನಿಂತಿತು. ಅವರು ಸಣ್ಣ ದರ್ಶಿನಿ ನಡೆಸುತ್ತಾರೆ, ಒಂದು ದಿನವೂ ಬಾಗಿಲು ಹಾಕಲಿಲ್ಲ. ಅಲ್ಲಿ ಊಟ ಮಾಡಿದ್ದ ಇನ್ನೂ ಹತ್ತು ಹನ್ನೆರಡು ಮಂದಿಗೆ ಹೀಗೇ ಆಗಿದೆ. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಮಾತ್ರೆ ಎರಡು ನುಂಗಿದೆ, ಮಗನಿಗೂ ಅರ್ಧರ್ಧ ಕೊಟ್ಟೆ. ಆಮೇಲೆ ಇಬ್ಬರ ಮಲವನ್ನೂ ಪರೀಕ್ಷೆಗೆ ಕೊಟ್ಟೆವು. ಬೆಳಿಗ್ಗೆ ಆರಕ್ಕೆ ಹಿಡಿದದ್ದು, ಲ್ಯಾಬ್ ತೆರೆದಾಗ ಹತ್ತೂವರೆ. ನನ್ನ ರಿಪೋರ್ಟಿನಲ್ಲಿ ‘ಇ. ಕೋಲೈ ಗ್ರೋನ್’ ಎಂದು ಬರೆದು ಕೆಳಗೆ ಹದಿನಾರು ಔಷಧಿಗಳ ಪಟ್ಟಿ ಕೊಟ್ಟಿದ್ದಾರೆ. ಮಗನದರಲ್ಲಿ ‘ಸಾಲ್ಮೊನೆಲ್ಲಾ, ಶಿಗೆಲ್ಲಾ ಬೆಳೆದಿಲ್ಲ’ ಎಂದಿದೆ. ವಿಡಾಲ್ ಕೂಡ ಮಾಡಿದ್ದಾರೆ, ಸ್ವಲ್ಪ ಪಾಸಿಟಿವ್ ಅಂತೆ. ಈಗ ಎಲ್ಲರೂ ಆರಾಮಾಗಿದ್ದೇವೆ. ಆದರೂ ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಬೇಕು ಅನಿಸುತ್ತದೆ. ಆ ಪಟ್ಟಿಯಲ್ಲಿರುವ ಔಷಧಿ ತೆಗೆದುಕೊಳ್ಳಬೇಕೆ? ಪಿಸಿಆರ್ ಪ್ಯಾನೆಲ್ ಮಾಡಿಸಿದರೆ ಖಚಿತವಾಗಿ ಗೊತ್ತಾಗುತ್ತದೆ ಎನ್ನುತ್ತಾರೆ, ಮಾಡಿಸಲೇ?

ಉತ್ತರ: ನಿಮ್ಮ ರಿಪೋರ್ಟಿನ ಇ. ಕೋಲೈಯನ್ನು ಸದ್ಯಕ್ಕೆ ಮರೆತುಬಿಡಿ. ಇವತ್ತು ನನ್ನ ಮಲವನ್ನು ಅದೇ ಲ್ಯಾಬಿಗೆ ಕೊಟ್ಟರೂ ಅದೇ ಹೆಸರು ಬರುತ್ತದೆ. ನನಗೆ ಭೇದಿಯಿಲ್ಲ, ಜ್ವರವಿಲ್ಲ, ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ ತಿಂದು ಕೂತಿದ್ದೇನೆ.

ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಗಾಳಿ ಸೋಕಿದರೆ ಸಾಯುವಂಥವು, ಲ್ಯಾಬಿನ ಪ್ಲೇಟಿನ ಮೇಲೆ ಬೆಳೆಯುವುದೇ ಇಲ್ಲ. ಇ. ಕೋಲೈ ಆ ಗುಂಪಿನಲ್ಲಿ ಬಲು ಸಣ್ಣ ಪಾಲು. ಆದರೆ ಎಲ್ಲಿ ಹಾಕಿದರೂ ಹುಲುಸಾಗಿ ಬೆಳೆಯುವ ಜಾತಿ ಅದು, ಹಾಗಾಗಿ ರಾತ್ರಿ ಕಳೆಯುವಷ್ಟರಲ್ಲಿ ಪ್ಲೇಟ್ ತುಂಬ ಅದೇ. 1885ರಲ್ಲಿ ಥಿಯೊಡೋರ್ ಎಶೆರಿಶ್ ಇದನ್ನು ಮೊದಲು ವಿವರಿಸಿದ್ದು ಹಸುಗೂಸುಗಳ ಮಲದಿಂದ, ಆರೋಗ್ಯವಾಗಿದ್ದ ಕೂಸುಗಳದ್ದೂ ಸೇರಿ. ಅಂದರೆ ಇದು ನಮ್ಮ ಕರುಳಿನ ಹಳೆಯ ಒಕ್ಕಲು.

ಹಾಗೆಂದು ಇ. ಕೋಲೈಯಿಂದ ಭೇದಿ ಬರುವುದಿಲ್ಲವೇ? ಬರುತ್ತದೆ, ಮತ್ತು ಗೋಜಲು ಇರುವುದೇ ಇಲ್ಲಿ. ಒಂದೇ ಜಾತಿಯ ಹೆಸರಿನಡಿ ಸಾಧುವೂ ಇದೆ, ಕೊಲೆಗಾರನೂ ಇದೆ. ಮೊದಲ ಮಹಾಯುದ್ಧದಲ್ಲಿ ಸುತ್ತಲಿನವರೆಲ್ಲ ಭೇದಿಯಿಂದ ನರಳುತ್ತಿದ್ದಾಗ ಏನೂ ಆಗದೆ ಉಳಿದ ಒಬ್ಬ ಸೈನಿಕನ ಮಲದಿಂದ ಜರ್ಮನಿಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಒಂದು ಇ. ಕೋಲೈ ತಳಿಯನ್ನು ಬೇರ್ಪಡಿಸಿದರು. ಅದನ್ನು ಇವತ್ತಿಗೂ ಹೊಟ್ಟೆಗೆ ಒಳ್ಳೆಯದೆಂದು ಕ್ಯಾಪ್ಸೂಲಿನಲ್ಲಿ ತುಂಬಿ ಮಾರುತ್ತಾರೆ. 1982ರಲ್ಲಿ ಅಮೆರಿಕದಲ್ಲಿ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ತಂದು ಗುರುತು ಸಿಕ್ಕಿದ ಒ157:ಎಚ್7 ಕೂಡ ಇ. ಕೋಲೈಯೇ. ಪ್ರಯಾಣಿಕರಿಗೆ ನೀರಿನಂಥ ಭೇದಿ ತರುವುದು ಇನ್ನೊಂದು ಬಗೆ, ಎಳೆಕೂಸುಗಳನ್ನು ಕಾಡುವುದು ಮತ್ತೊಂದು. ಮಾಮೂಲಿ ಪ್ಲೇಟಿನ ಮೇಲೆ ಇವೆಲ್ಲ ಒಂದೇ ತೆರನಾದ ಗುಲಾಬಿ ಬಣ್ಣದ ಚುಕ್ಕೆಗಳು. ಯಾವುದು ವಿಷ ಹೊತ್ತಿದೆ ಎಂದು ತಿಳಿಯಲು ಅದರ ವಿಷದ ಜೀನನ್ನೇ ಹುಡುಕಬೇಕು. ಅದನ್ನು ಮಾಡದೆ ‘ಇ. ಕೋಲೈ ಗ್ರೋನ್’ ಎಂದು ಬರೆಯುವುದು ಊರಿನಲ್ಲಿ ಜನ ಇದ್ದಾರೆ ಎಂದು ಪೊಲೀಸರಿಗೆ ದೂರು ಕೊಟ್ಟಂತೆ.

ಅದರ ಕೆಳಗಿನ ಹದಿನಾರು ಔಷಧಿಗಳ ಪಟ್ಟಿ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೂತ್ರದಲ್ಲಿ ಇ. ಕೋಲೈ ಬೆಳೆದರೆ ಆ ಪಟ್ಟಿಗೆ ಬೆಲೆಯಿದೆ, ಏಕೆಂದರೆ ಅದು ಅಲ್ಲಿರಬಾರದು. ಮಲದಲ್ಲಿ ಅದು ಇರಲೇಬೇಕಾದದ್ದು. ಪಟ್ಟಿ ಕಂಡ ಕೂಡಲೇ ‘ಎಸ್’, ಅಂದರೆ ಈ ಔಷಧಿಗೆ ಬಗ್ಗುತ್ತದೆ, ಎಂದಿರುವ ಒಂದನ್ನು ಬರೆದುಕೊಡುವವರಿದ್ದಾರೆ, ಅಂಗಡಿಯಿಂದ ಕೇಳಿ ತರುವವರೂ ಇದ್ದಾರೆ. ನೀವು ತೆಗೆದುಕೊಳ್ಳಬೇಡಿ. ಈಗ ಭೇದಿಯೂ ಇಲ್ಲ, ಅಪರಾಧಿಯೂ ಸಿಕ್ಕಿಲ್ಲ.

ಮಗನ ರಿಪೋರ್ಟ್ ಬರೆದ ರೀತಿ ಸರಿಯಾಗಿದೆ. ಏನನ್ನು ಹುಡುಕಿದೆವು, ಅದು ಸಿಗಲಿಲ್ಲ ಎಂದು ಹೇಳುತ್ತದೆ. ಆದರೆ ಅದನ್ನು ‘ಏನೂ ಇಲ್ಲ’ ಎಂದು ಓದಬೇಡಿ. ಭೇದಿ ತರುವ ಬ್ಯಾಕ್ಟೀರಿಯಾಗಳಲ್ಲಿ ಎರಡೇ ಹೆಸರು ಹಿಡಿದು ಹುಡುಕಿದ್ದಾರೆ, ಎರಡೂ ಸಿಕ್ಕಿಲ್ಲ, ಅಷ್ಟೇ. ಮಲಪರೀಕ್ಷೆಯ ವಿಷಯದಲ್ಲಿ ಓದುಗರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಕೇಳಿದ್ದಕ್ಕೆ ಮಾತ್ರ ಲ್ಯಾಬ್ ಉತ್ತರ ಕೊಡುತ್ತದೆ. ಹೇಗೆ ಎಂದು ಬೆಂಚಿನ ಹತ್ತಿರ ಕರೆದುಕೊಂಡು ಹೋಗಿಯೇ ತೋರಿಸುತ್ತೇನೆ.

ಮಲ ಬಂದ ಕೂಡಲೇ ಲೋಳೆ, ರಕ್ತ ಇರುವ ಜಾಗವನ್ನೇ ಆರಿಸಿ ಎರಡು ಮೂರು ಪ್ಲೇಟಿನ ಮೇಲೆ ಗೀರುತ್ತೇವೆ. ಒಂದು ಮೆಕಾಂಕಿ ಅಗಾರ್. ಅದರಲ್ಲಿ ಪಿತ್ತದ ಲವಣವಿರುತ್ತದೆ, ಕರುಳಿನಲ್ಲಿ ಬಾಳಲಾರದ ಬ್ಯಾಕ್ಟೀರಿಯಾಗಳನ್ನು ಅದು ತಡೆಯುತ್ತದೆ. ಜೊತೆಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಮತ್ತು ಒಂದು ಬಣ್ಣ. ಇ. ಕೋಲೈ ಲ್ಯಾಕ್ಟೋಸನ್ನು ಹುಳಿಮಾಡಿ ಗುಲಾಬಿಯಾಗುತ್ತದೆ, ಸಾಲ್ಮೊನೆಲ್ಲಾ ಮತ್ತು ಶಿಗೆಲ್ಲಾ ಬಣ್ಣವಿಲ್ಲದೆ ಉಳಿಯುತ್ತವೆ. ಇನ್ನೊಂದು ಎಕ್ಸ್‌ಎಲ್‌ಡಿ ಪ್ಲೇಟ್. ಅದರಲ್ಲಿ ಇ. ಕೋಲೈ ಹಳದಿ, ಶಿಗೆಲ್ಲಾ ಕೆಂಪು, ಸಾಲ್ಮೊನೆಲ್ಲಾ ಕೆಂಪಿನ ನಡುವೆ ಕಪ್ಪು ಬೊಟ್ಟು. ಉಳಿದ ಚೂರನ್ನು ಸೆಲೆನೈಟ್ ದ್ರವದಲ್ಲಿ ಹಾಕಿಟ್ಟರೆ ಇ. ಕೋಲೈ ಸ್ವಲ್ಪ ಕಾಲ ಮಂಕಾಗಿ ಸಾಲ್ಮೊನೆಲ್ಲಾ ಮೇಲುಗೈ ಪಡೆಯುತ್ತದೆ, ಮರುದಿನ ಅದನ್ನು ಮತ್ತೆ ಪ್ಲೇಟಿಗೆ ಹಾಕುತ್ತೇವೆ.

ಮರುದಿನ ಬೆಳಿಗ್ಗೆ ಕಪ್ಪು ಬೊಟ್ಟು ಕಂಡರೆ ಹೊಸಬರು ಕುಣಿದಾಡುತ್ತಾರೆ. ಬಹಳ ಸಲ ಅದು ಪ್ರೋಟಿಯಸ್ ಎಂಬ ನಿರುಪದ್ರವಿ. ಅದಕ್ಕೇ ಅನುಮಾನ ಬಂದ ಚುಕ್ಕೆಯನ್ನು ಎತ್ತಿ ಸಣ್ಣ ಕೊಳವೆಗಳಲ್ಲಿ ಬೆಳೆಸುವುದು: ಯಾವ ಸಕ್ಕರೆ ಹುದುಗಿಸಿತು, ಗಂಧಕದ ಅನಿಲ ಬಿಟ್ಟಿತೇ, ಯೂರಿಯಾ ಒಡೆಯಿತೇ, ಓಡಾಡುತ್ತದೆಯೇ. ಪ್ರೋಟಿಯಸ್ ಯೂರಿಯಾವನ್ನು ಒಡೆದು ಸಿಕ್ಕಿಬೀಳುತ್ತದೆ. ಶಿಗೆಲ್ಲಾ ಓಡಾಡುವುದಿಲ್ಲ. ಕೊನೆಗೆ ಗಾಜಿನ ಪಟ್ಟಿಯ ಮೇಲೆ ಆಯಾ ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳುವ ಪ್ರತಿಕಾಯದ ಹನಿ ಹಾಕಿ ಬೆರೆಸಿದಾಗ ಮೊಸರು ಒಡೆದಂತೆ ಗರಣೆಗಟ್ಟಿದರೆ ಗುರುತು ಖಚಿತ. ಸಾಲ್ಮೊನೆಲ್ಲಾದಲ್ಲಿ ಹೀಗೆ 2,500ಕ್ಕೂ ಹೆಚ್ಚು ಸೀರೋ ಬಗೆಗಳನ್ನು ಗುರುತಿಸಿದ್ದಾರೆ. ಟೈಫಾಯಿಡ್ ತರುವ ಟೈಫಿ ಅವುಗಳಲ್ಲೊಂದು. ಇಷ್ಟಕ್ಕೆಲ್ಲ ಎರಡು ಮೂರು ದಿನ ಬೇಕು. ಬೆಳಿಗ್ಗೆ ಮಲ ಕೊಟ್ಟು ಸಂಜೆಗೆ ಕಲ್ಚರ್ (ಹೀಗೆ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಅನುಮಾನಿಸಿ.

ಶಿಗೆಲ್ಲಾದ ಬಗ್ಗೆ ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಆಮಶಂಕೆಯ ದೊಡ್ಡ ಪಿಡುಗಿನ ನಡುವೆ ಇದನ್ನು ಕಂಡುಹಿಡಿದರು. ಅದಕ್ಕೆ ನಾಲ್ಕು ಜಾತಿಗಳೆಂದು ಪುಸ್ತಕದಲ್ಲಿದೆ: ಡಿಸೆಂಟ್ರಿಯೆ, ಫ್ಲೆಕ್ಸ್ನೆರಿ, ಬಾಯ್ಡಿ, ಸೊನ್ನಿ. ಆದರೆ ಡಿಎನ್‌ಎ ಲೆಕ್ಕದಲ್ಲಿ ಇವು ನಾಲ್ಕೂ ಇ. ಕೋಲೈಯ ಮನೆತನದವೇ. ರೋಗದ ಗುರುತಿಗೆ ಅನುಕೂಲವೆಂದು ಹಳೆಯ ಹೆಸರನ್ನು ಉಳಿಸಿಕೊಂಡಿದ್ದೇವೆ. ಹೀಗಾಗಿ ಒಂದು ಚುಕ್ಕೆಯಿಂದ ನಿಮಿಷಗಳಲ್ಲಿ ಜಾತಿ ಹೇಳುವ ಮಾಲ್ಡಿ-ಟಾಫ್ ಎಂಬ ದುಬಾರಿ ಯಂತ್ರಕ್ಕೂ ಮಾಮೂಲಿ ಬಳಕೆಯಲ್ಲಿ ಶಿಗೆಲ್ಲಾ, ಇ. ಕೋಲೈ ಇವೆರಡನ್ನು ನಂಬಿಕೆಯಿಂದ ಬೇರ್ಪಡಿಸಲು ಆಗುವುದಿಲ್ಲ. ಅಲ್ಲಿ ಕೊನೆಗೂ ಕೈಹಿಡಿಯುವುದು ಹಳೆಯ ಕೊಳವೆ ಮತ್ತು ಗಾಜಿನ ಪಟ್ಟಿ.

ಇನ್ನು, ಈ ಪ್ಲೇಟುಗಳಲ್ಲಿ ಕಾಣದೇ ಹೋಗುವವರ ವಿಷಯ. ಕ್ಯಾಂಪೈಲೋಬ್ಯಾಕ್ಟರ್‌ಗೆ 42 ಡಿಗ್ರಿ ಶಾಖ ಬೇಕು, ಆಮ್ಲಜನಕ ಶೇ. 5ರಷ್ಟು ಮಾತ್ರ ಇರುವ ಗಾಳಿ ಬೇಕು. ಮಾಮೂಲಿ ಇನ್‌ಕ್ಯುಬೇಟರಿನಲ್ಲಿ ಇಟ್ಟರೆ ಅದು ತಲೆಯೆತ್ತುವುದಿಲ್ಲ. ಕೋಳಿ ಮಾಂಸದಿಂದ ಹರಡುವ ಇದು ಎಷ್ಟು ಸಾಮಾನ್ಯವೆಂದು ಜಗತ್ತಿಗೆ ಮನವರಿಕೆಯಾದದ್ದೇ 1977ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಸ್ಕಿರೊ ಸುಲಭದ ಪ್ಲೇಟ್ ತಯಾರಿಸಿಕೊಟ್ಟ ಮೇಲೆ. ಅದರಲ್ಲೂ ಜೆಜುನಿ, ಕೋಲೈ (ಇದು ಇ. ಕೋಲೈ ಅಲ್ಲ) ಎಂದು ಎರಡು ಮುಖ್ಯ ಜಾತಿ. ಹಿಪ್ಯುರೇಟ್ ಎಂಬ ರಾಸಾಯನಿಕವನ್ನು ಸಾಮಾನ್ಯವಾಗಿ ಜೆಜುನಿ ಒಡೆಯುತ್ತದೆ, ಕೋಲೈ ಒಡೆಯುವುದಿಲ್ಲ. ಚಿಕಿತ್ಸೆಗೆ ಆ ವ್ಯತ್ಯಾಸ ದೊಡ್ಡದಲ್ಲ, ಮೂಲ ಪತ್ತೆಹಚ್ಚುವವರಿಗೆ ಬೇಕಾಗುತ್ತದೆ. ನಮ್ಮ ಕಡೆಯ ಎಷ್ಟೋ ಲ್ಯಾಬುಗಳು ಇದಕ್ಕಾಗಿ ಪ್ಲೇಟ್ ಇಡುವುದೇ ಇಲ್ಲ.

ಕಾಲರಾದ ವಿಬ್ರಿಯೊಗೆ ಕ್ಷಾರ ಬೇಕು. ಅದಕ್ಕೆ ಟಿಸಿಬಿಎಸ್ ಎಂಬ ಹಸಿರು ಪ್ಲೇಟ್, ಅದರ ಮೇಲೆ ಅದು ಹಳದಿಯಾಗಿ ಬೆಳೆಯುತ್ತದೆ. ಮೀನು ಸಿಗಡಿಯಿಂದ ಬರುವ ಅದರ ದಾಯಾದಿ ಪ್ಯಾರಾಹೀಮೊಲಿಟಿಕಸ್ ಹಸಿರಾಗಿಯೇ ಉಳಿಯುತ್ತದೆ. ಅಕ್ಕಚ್ಚಿನಂಥ ಭೇದಿ ಎಂದು ಫಾರ್ಮಿನಲ್ಲಿ ಒಂದು ಮಾತು ಬರೆದಿದ್ದರೆ ಲ್ಯಾಬಿನವರು ಆ ಪ್ಲೇಟ್ ತೆಗೆಯುತ್ತಾರೆ, ಬರೆಯದಿದ್ದರೆ ಅದು ಫ್ರಿಜ್ಜಿನಲ್ಲೇ ಉಳಿಯುತ್ತದೆ. ಈ ವಿದ್ಯೆಯಲ್ಲಿ ನಮ್ಮವರ ಪಾಲು ಸಣ್ಣದಲ್ಲ. ಕಾಲರಾದ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತದ ಶಂಭುನಾಥ್ ದೇ. ದೂರದ ಹಳ್ಳಿಯಿಂದ ಲ್ಯಾಬಿಗೆ ಬರುವಷ್ಟರಲ್ಲಿ ವಿಬ್ರಿಯೊ ಸಾಯದಂತೆ ಸಮುದ್ರದ ಉಪ್ಪು ಹಾಕಿ ಮಾಡಿದ ವಿ.ಆರ್. ದ್ರವ 1941ರದ್ದು. ಆ ಎರಡಕ್ಷರ ವೆಂಕಟರಾಮನ್ ಮತ್ತು ರಾಮಕೃಷ್ಣನ್ ಅವರದು.

ಕೇಳದಿದ್ದರೆ ಸಿಗುವುದಿಲ್ಲ ಎಂಬುದಕ್ಕೆ 2011ರ ಜರ್ಮನಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ ಹ್ಯಾಂಬರ್ಗ್ ಸುತ್ತಮುತ್ತ ರಕ್ತಭೇದಿ, ಮೂತ್ರಪಿಂಡ ಸೋಲುವವರ ಸಾಲು. ಇಂಥ ಕಡೆ ಒ157 ಹುಡುಕಲು ಸಾರ್ಬಿಟಾಲ್ ಎಂಬ ಸಕ್ಕರೆ ಹಾಕಿದ ಮೆಕಾಂಕಿ ಪ್ಲೇಟ್ ಬಳಸುತ್ತಾರೆ. ಒ157 ಅದನ್ನು ಹುದುಗಿಸದೆ ಬಿಳಿಚಿಕೊಂಡು ನಿಲ್ಲುತ್ತದೆ, ಉಳಿದ ಇ. ಕೋಲೈ ಗುಲಾಬಿಯಾಗುತ್ತವೆ. ಅಂದು ಬಂದಿದ್ದ ಒ104:ಎಚ್4 ಸಾರ್ಬಿಟಾಲನ್ನು ಹುದುಗಿಸುವ ತಳಿ. ಆ ಪ್ಲೇಟಿನ ಮೇಲೆ ಒಳ್ಳೆಯವರ ಹಾಗೆ ಗುಲಾಬಿ ಬಟ್ಟೆ ಹೊದ್ದು ಕೂತಿತ್ತು. ವಿಷದ ಜೀನನ್ನು ನೇರವಾಗಿ ಹುಡುಕಿದವರಿಗೆ ಸಿಕ್ಕಿತು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಆರೋಪ ಬಿತ್ತು, ಅಲ್ಲಿನ ರೈತರು ಮುಳುಗಿದರು. ಕೊನೆಗೆ ತನಿಖೆ ಹೋಗಿ ನಿಂತದ್ದು ಈಜಿಪ್ಟಿನಿಂದ ತರಿಸಿದ್ದ ಮೆಂತ್ಯದ ಕಾಳಿನ ಮೊಳಕೆಯ ಹತ್ತಿರ. ಸುಮಾರು 3,800 ಮಂದಿಗೆ ಕಾಯಿಲೆ, 50ಕ್ಕೂ ಹೆಚ್ಚು ಸಾವು. ಮೆಂತ್ಯದ ಮೊಳಕೆಯನ್ನು ನಾವು ಒಗ್ಗರಣೆಗೆ ಹಾಕಿ ಬೇಯಿಸುತ್ತೇವೆ, ಅವರು ಹಸಿಯಾಗಿ ಸಲಾಡಿಗೆ ಹಾಕಿದ್ದರು.

ಈಗ ನಿಮ್ಮ ಮನೆಗೆ ಬರೋಣ. ಯಾವ ಯಂತ್ರಕ್ಕೂ ಮೊದಲು ನಾನು ನೋಡುವುದು ಗಡಿಯಾರ. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಅದು ಸಾಮಾನ್ಯವಾಗಿ ಸ್ಟ್ಯಾಫಿಲೊಕಾಕಸ್ ಅಥವಾ ಹೊರಗೆ ಉಳಿದ ಅನ್ನದ ಬ್ಯಾಸಿಲಸ್ ಸೀರಿಯಸ್ ಮೊದಲೇ ಮಾಡಿಟ್ಟ ವಿಷ, ಮಲದ ಕಲ್ಚರಿನಿಂದ ಹೆಚ್ಚು ತಿಳಿಯುವುದಿಲ್ಲ. ಎಂಟರಿಂದ ಹದಿನಾರು ಗಂಟೆಯಲ್ಲಿ ಜ್ವರವಿಲ್ಲದೆ ಹೊಟ್ಟೆನುಲಿತ, ಭೇದಿ ಬಂದರೆ ದೊಡ್ಡ ಕೊಳಗದಲ್ಲಿ ಮಾಡಿ ನಿಧಾನ ಆರಿದ ಮಾಂಸದ ಸಾರಿನ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ನೆನಪಾಗುತ್ತದೆ. ಕ್ಯಾಂಪೈಲೋಬ್ಯಾಕ್ಟರ್‌ಗೆ ಎರಡರಿಂದ ಐದು ದಿನ, ಒ157ಕ್ಕೆ ಮೂರು ನಾಲ್ಕು ದಿನ ಬೇಕು. ನಿಮಗೆ ಮೂವತ್ತು ಗಂಟೆಗೆ ಬಂದಿದೆ, ಜ್ವರವಿದೆ, ಲೋಳೆ ರಕ್ತವಿದೆ. ಒಂದೇ ಪಂಕ್ತಿಯಲ್ಲಿ ಕೂತವರಿಗೆಲ್ಲ ಬಂದಿದೆ. ಸಾಲ್ಮೊನೆಲ್ಲಾ ಅಥವಾ ಶಿಗೆಲ್ಲಾ. ಆಮಶಂಕೆಯ ಚಹರೆ ಇರುವುದರಿಂದ ನನ್ನ ಅನುಮಾನ ಶಿಗೆಲ್ಲಾದ ಕಡೆ ವಾಲುತ್ತದೆ. ಇದು ಅನುಮಾನ ಮಾತ್ರ, ರೋಗನಿರ್ಣಯವಲ್ಲ.

ಹಾಗಿದ್ದರೆ ಲ್ಯಾಬಿನಲ್ಲಿ ಏಕೆ ಸಿಗಲಿಲ್ಲ? ಎರಡು ತಪ್ಪು ಆಗಿವೆ, ಬೇಸರ ಮಾಡಿಕೊಳ್ಳಬೇಡಿ, ನನ್ನ ಮನೆಯವರೇ ಮಾಡಿದ್ದಾರೆ. ಮಾತ್ರೆ ನುಂಗಿದ ಮೇಲೆ ಮಲ ಹಿಡಿದಿರಿ. ಎರಡೇ ಮಾತ್ರೆ ಕಾಯಿಲೆ ವಾಸಿಮಾಡಲು ಸಾಲದಿದ್ದರೂ ಪ್ಲೇಟಿನ ಮೇಲೆ ಬೆಳೆಯುವುದನ್ನು ತಡೆಯಲು ಸಾಕು. ಎರಡನೆಯದು, ಡಬ್ಬಿ ನಾಲ್ಕೂವರೆ ಗಂಟೆ ಮನೆಯಲ್ಲಿ ಕೂತಿತು. ಶಿಗೆಲ್ಲಾ ದೇಹದೊಳಗೆ ಎಷ್ಟು ಭಂಡವೋ ಡಬ್ಬಿಯೊಳಗೆ ಅಷ್ಟು ನಾಜೂಕು. ಮಲ ಹುಳಿಯಾಗುತ್ತಾ ಹೋದಂತೆ ಅದು ಸಾಯುತ್ತದೆ, ಇ. ಕೋಲೈ ಮಾತ್ರ ಮತ್ತಷ್ಟು ಹೆಚ್ಚುತ್ತದೆ. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಆಗದಿದ್ದರೆ ಕ್ಯಾರಿ-ಬ್ಲೇರ್ ಎಂಬ ಸಾಗಣೆ ದ್ರವದ ಕೊಳವೆಯನ್ನು ಲ್ಯಾಬಿನಿಂದಲೇ ಕೇಳಿ ತರಬೇಕು. ಅಗಲ ಬಾಯಿಯ ಶುದ್ಧ ಡಬ್ಬಿಯಲ್ಲಿ ನೆಲ್ಲಿಕಾಯಿ ಗಾತ್ರದಷ್ಟು ಸಾಕು, ಮೂತ್ರವಾಗಲಿ ಕಮೋಡಿನ ನೀರಾಗಲಿ ಬೆರೆಯಬಾರದು. ಫಾರ್ಮಿನ ಮೇಲೆ ‘ರಕ್ತ, ಜ್ವರ, ಊಟವಾಗಿ 30 ಗಂಟೆ, ಜೊತೆಯವರಿಗೂ ಬಂದಿದೆ’ ಎಂದು ಬರೆಯಿರಿ. ಆ ಒಂದು ಸಾಲು ಪ್ಲೇಟುಗಳ ಆಯ್ಕೆಯನ್ನೇ ಬದಲಿಸುತ್ತದೆ.

ವಿಡಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು 1896ರ ರಕ್ತಪರೀಕ್ಷೆ, ಟೈಫಾಯಿಡಿನ ಪ್ರತಿಕಾಯ ಹುಡುಕುತ್ತದೆ. ಪ್ರತಿಕಾಯ ಏಳಲು ವಾರ ಬೇಕು, ಹಳೆಯ ಸೋಂಕಿನದ್ದೂ ಲಸಿಕೆಯದ್ದೂ ಉಳಿದಿರಬಹುದು. ಎರಡನೇ ದಿನದ ಭೇದಿಗೆ ಅದರಿಂದ ಏನೂ ತಿಳಿಯದು. ಟೈಫಾಯಿಡ್ ಅನುಮಾನವಿದ್ದರೆ ಮೊದಲ ವಾರದಲ್ಲಿ ರಕ್ತದ ಕಲ್ಚರ್ ಮಾಡಿಸಬೇಕು.

ಪಿಸಿಆರ್ ಪ್ಯಾನೆಲ್ ಒಳ್ಳೆಯ ಸಾಧನ. ಇಪ್ಪತ್ತಕ್ಕೂ ಹೆಚ್ಚು ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿಗಳ ಗುರುತನ್ನು ಒಂದೆರಡು ಗಂಟೆಯಲ್ಲಿ ನೋಡುವ ಪ್ಯಾನೆಲ್‌ಗಳಿವೆ. ಕ್ಯಾಂಪೈಲೋಬ್ಯಾಕ್ಟರ್ ಕೂಡ ತಪ್ಪಿಸಿಕೊಳ್ಳುವುದಿಲ್ಲ, ಮಾತ್ರೆ ನುಂಗಿದ್ದರೂ ಎಷ್ಟೋ ಸಲ ಸಿಗುತ್ತದೆ. ಐಸಿಯುನಲ್ಲಿರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದು ದೊಡ್ಡ ಆಸರೆ. ಆದರೆ ಅದು ನೋಡುವುದು ಡಿಎನ್‌ಎ, ಜೀವವನ್ನಲ್ಲ. ಸತ್ತ ಬ್ಯಾಕ್ಟೀರಿಯಾದ ಚೂರಿಗೂ ಪಾಸಿಟಿವ್ ಎನ್ನುತ್ತದೆ. ಶಿಗೆಲ್ಲಾ ಎಂದು ತೋರಿಸುವಾಗಲೂ ‘ಶಿಗೆಲ್ಲಾ ಅಥವಾ ಕರುಳಿನ ಗೋಡೆ ಹೊಕ್ಕುವ ಇ. ಕೋಲೈ’ ಎಂದೇ ಬರೆಯುತ್ತದೆ, ಎರಡರಲ್ಲೂ ಅದು ಹುಡುಕುವ ಜೀನ್ ಒಂದೇ. ಯಾವ ಔಷಧಿ ಕೆಲಸಮಾಡುತ್ತದೆ ಎಂದೂ ಹೇಳುವುದಿಲ್ಲ, ಅದಕ್ಕೆ ಜೀವಂತ ಬ್ಯಾಕ್ಟೀರಿಯಾ ಬೆಳೆಯಲೇಬೇಕು. ನಿಮಗೂ ಮಗನಿಗೂ ಈಗ ಆ ದುಡ್ಡು ದಂಡ. ಏನು ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ. ಸಾಲ್ಮೊನೆಲ್ಲಾ ಆಗಿದ್ದರೆ ಗಟ್ಟಿಮುಟ್ಟಾದವರಿಗೆ ಆ್ಯಂಟಿಬಯಾಟಿಕ್ ಬೇಡ, ಕೊಟ್ಟರೆ ಕೆಲವು ಸಲ ಅದು ಕರುಳಿನಲ್ಲಿ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಒ157ರಂಥದ್ದಾಗಿದ್ದರೆ ಆ್ಯಂಟಿಬಯಾಟಿಕ್ ಮೂತ್ರಪಿಂಡಕ್ಕೆ ಅಪಾಯ ತರಬಹುದೆಂದು ದೂರವಿಡುತ್ತಾರೆ. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆ ಬೇಡ ಎನ್ನುವುದು ಇದಕ್ಕೇ. ಭೇದಿ ಶುರುವಾದ ಕೂಡಲೇ ಬೇಕಾದದ್ದು ಓಆರ್‌ಎಸ್, ಮಗುವಿಗಾದರೆ ವೈದ್ಯರು ಹೇಳಿದಷ್ಟು ದಿನ ಸತುವಿನ ಮಾತ್ರೆ.

ಹತ್ತು ಹನ್ನೆರಡು ಮಂದಿಗೆ ಒಟ್ಟಿಗೆ ಬಂದಾಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕಿತ್ತು. ಸಮಗ್ರ ರೋಗ ಕಣ್ಗಾವಲು ಯೋಜನೆ ಇರುವುದೇ ಇಂಥದ್ದಕ್ಕೆ. ಮಾತ್ರೆ ತಗೊಳ್ಳದ ನಾಲ್ಕೈದು ಜನರ ಮಲ, ಉಳಿದ ಅಡುಗೆ, ಬಾವಿ ನೀರು ಜೊತೆಗೆ ನೋಡಿದ್ದರೆ ಹೆಸರು ಸಿಗುವ ಸಾಧ್ಯತೆ ನಿಮ್ಮೊಬ್ಬರ ಡಬ್ಬಿಗಿಂತ ಎಷ್ಟೋ ಪಾಲು ಹೆಚ್ಚಿತ್ತು. ನಾದಿನಿಯವರಿಗೆ ಮುಜುಗರವಾದೀತು ಎಂದು ಸುಮ್ಮನಾಗಿರಬೇಕು, ನನಗೆ ಅರ್ಥವಾಗುತ್ತದೆ.

ಇಷ್ಟರಲ್ಲಿ ನಿಜವಾಗಿ ಪರೀಕ್ಷೆ ಬೇಕಾದವರು ಡಬ್ಬಿಯನ್ನೇ ಕೊಟ್ಟಿಲ್ಲ. ನಿಮ್ಮ ಯಜಮಾನರು. ಶಿಗೆಲ್ಲಾ ಹತ್ತರಿಂದ ನೂರು ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೂ ಕಾಯಿಲೆ ತರಬಲ್ಲದು, ಭೇದಿ ನಿಂತ ಮೇಲೂ ಕೆಲವು ವಾರ ಮಲದಲ್ಲಿ ಹೋಗುತ್ತಿರುತ್ತದೆ. ಸಾಲ್ಮೊನೆಲ್ಲಾ ಇನ್ನೂ ಹೆಚ್ಚು ಕಾಲ. ಚಟ್ನಿ ರುಬ್ಬುವ, ಈರುಳ್ಳಿ ಕೊತ್ತಂಬರಿ ಹೆಚ್ಚುವ ಕೈ ಅವರದಾದರೆ ಇದು ಮನೆಯ ವಿಷಯವಾಗಿ ಉಳಿಯುವುದಿಲ್ಲ. ಅವರಿಗೆ ಪಿಸಿಆರ್ ಬೇಡ, ಜೀವಂತವಾಗಿದೆಯೇ ಎಂದು ತಿಳಿಯಬೇಕಾದ್ದರಿಂದ ಕಲ್ಚರೇ ಬೇಕು. ಹಲವೆಡೆ ಪಾಲಿಸುವ ಕ್ರಮ ಹೀಗಿದೆ: ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಬಿಟ್ಟು ಕನಿಷ್ಠ 48 ಗಂಟೆಯಾದ ಮೇಲೆ, ಒಂದಕ್ಕೊಂದು 24 ಗಂಟೆ ಅಂತರದಲ್ಲಿ ಎರಡು ಸಲ ಮಲ ಕೊಟ್ಟು, ಎರಡೂ ನೆಗೆಟಿವ್ ಬಂದ ಮೇಲೆ ಅಡುಗೆಮನೆಗೆ ಮರಳುವುದು. ಗಟ್ಟಿ ಮಲವನ್ನು ಲ್ಯಾಬಿನವರು ವಾಪಸ್ ಕಳಿಸುವುದುಂಟು. ಭೇದಿಗಾಗಿ ಅಲ್ಲ, ಹೋಟೆಲಿನಲ್ಲಿ ಅಡುಗೆ ಮುಟ್ಟುವವರು, ಸಾಲ್ಮೊನೆಲ್ಲಾ ಮತ್ತು ಶಿಗೆಲ್ಲಾ ಇನ್ನೂ ಇದೆಯೇ ನೋಡಬೇಕು ಎಂದು ಫಾರ್ಮಿನಲ್ಲಿ ಬರೆಸಿ. ಆ ತನಕ ಅವರು ಕ್ಯಾಶ್ ಕೌಂಟರಿನಲ್ಲಿ ಕೂರಲಿ, ಚಟ್ನಿಯನ್ನು ಬೇರೆಯವರು ರುಬ್ಬಲಿ.